ಡಬ್ಬಿಯನ್ನು ತಿರುಗಿಸಿ ಹಿಂಬದಿ ಓದಿ

ಕಳೆದ ಸಂಚಿಕೆಯಲ್ಲಿ ಮುಟ್ಟು ನಿಲ್ಲುವ ಕಾಲದ ಮೈಬಿಸಿ, ಬೆವರು, ನಿದ್ರೆಗೇಡಿನ ಬಗ್ಗೆ ಬರೆದಿದ್ದೆ. ಅದನ್ನು ಓದಿ ಪತ್ರ ಬರೆದವರಲ್ಲಿ ಮೈಬಿಸಿಯ ಬಗ್ಗೆ ಕೇಳಿದವರು ಕಡಿಮೆ, ಮೂಳೆಯ ಬಗ್ಗೆ ಕೇಳಿದವರೇ ಹೆಚ್ಚು. ಅದರಲ್ಲೂ 'ಯಾವ ಕಂಪನಿಯ ಮಾತ್ರೆ ಒಳ್ಳೆಯದು' ಎಂಬ ಪ್ರಶ್ನೆ ಬೇಕಾದಷ್ಟು ಬಂದಿದೆ. ಕಂಪನಿಗಳ ಹೆಸರು ಈ ಅಂಕಣದಲ್ಲಿ ಬರುವುದಿಲ್ಲ. ಅದಕ್ಕಾಗಿ ಅಂಚೆ ಖರ್ಚು ಮಾಡಬೇಡಿ. ಉಳಿದ ಪ್ರಶ್ನೆಗಳನ್ನು ಎತ್ತಿಕೊಂಡಿದ್ದೇನೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಐದು ವರ್ಷವಾಯಿತು. ನಮ್ಮ ಸ್ವಸಹಾಯ ಸಂಘದ ಗೆಳತಿಯೊಬ್ಬರು ಚೈನ್ ಮಾರ್ಕೆಟಿಂಗ್‌ಗೆ ಸೇರಿದ್ದಾರೆ. ಮೂಳೆಗೆಂದು ತಿಂಗಳಿಗೊಂದು ಪುಡಿಯ ಡಬ್ಬಿ ಕೊಡುತ್ತಾರೆ, 1,650 ರೂಪಾಯಿ. ಗೃಹಲಕ್ಷ್ಮಿಯ ಹಣ ಹೆಚ್ಚುಕಡಿಮೆ ಅದಕ್ಕೇ ಹೋಗುತ್ತಿದೆ. ಉಚಿತ ಶಿಬಿರದಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ನೋಡಿ 'ಮೈನಸ್ 2.1, ಮೂಳೆ ಟೊಳ್ಳಾಗಿದೆ' ಎಂದು ಚೀಟಿ ಕೊಟ್ಟರು. ನನ್ನ ತಾಯಿ 70ರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ನಾನು ಮಧ್ಯಾಹ್ನ ಒಂದು ಮುದ್ದೆ, ರಾತ್ರಿ ಚಪಾತಿ, ಎರಡು ಹೊತ್ತು ಕಾಫಿ, ಊಟಕ್ಕೆ ಮಜ್ಜಿಗೆ ತೆಗೆದುಕೊಳ್ಳುತ್ತೇನೆ. ಪುಡಿ ಮುಂದುವರಿಸಲೇ? ಡಬ್ಬಿಯ ಫೋಟೊ ಕಳುಹಿಸಿದ್ದೇನೆ. — ತಿಪಟೂರು

ಉತ್ತರ: ಫೋಟೊ ಕಳುಹಿಸಿದ್ದು ಒಳ್ಳೆಯದಾಯಿತು. ಡಬ್ಬಿಯ ಮುಂಭಾಗದಲ್ಲಿ ಬೆಟ್ಟ ಹತ್ತುತ್ತಿರುವ ಹೆಂಗಸೊಬ್ಬರು ನಗುತ್ತಿದ್ದಾರೆ. ಅವರನ್ನು ಅಲ್ಲೇ ಬಿಟ್ಟು ಹಿಂಬದಿಗೆ ಬರೋಣ. ಎರಡು ಚಮಚಕ್ಕೆ 250 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ಪದಾರ್ಥಗಳಲ್ಲಿ ಮೊದಲನೆಯದು ಮಾಲ್ಟೋಡೆಕ್ಸ್‌ಟ್ರಿನ್, ಎರಡನೆಯದು ಸಕ್ಕರೆ. ತೂಕದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಅಂದರೆ ನೀವು ಮುಖ್ಯವಾಗಿ ಕೊಳ್ಳುತ್ತಿರುವುದು ಪಿಷ್ಟ ಮತ್ತು ಸಕ್ಕರೆ. ಕೆಳಗಡೆ 'ಔಷಧೀಯ ಬಳಕೆಗಲ್ಲ' ಎಂಬ ಸಾಲೂ ಇದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಡಬ್ಬಿಗಳಿಗೆ ಪರವಾನಗಿ ಕೊಡುವುದು ಆಹಾರವೆಂದು, ಔಷಧವೆಂದಲ್ಲ. ಮಾರುವಾಗ ಮಾತ್ರ ಅದು ಔಷಧವಾಗಿಬಿಡುತ್ತದೆ. ಆ 250 ಮಿಲಿಗ್ರಾಂ ಒಂದು ದೊಡ್ಡ ಲೋಟ ಹಾಲಿನಲ್ಲೇ ಸಿಗುತ್ತದೆ.

ಈಗ ನಿಮ್ಮ ತಟ್ಟೆಯ ಲೆಕ್ಕ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಲ್ಲಿ ಹೇಳಿದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ. ನಿಮ್ಮ ಒಂದು ಮುದ್ದೆಗೆ 280 ಎಂದು ಹಿಡಿಯೋಣ. ಕಾಫಿಯ ಹಾಲಿಗೆ 180, ಮಜ್ಜಿಗೆಗೆ 100, ಸೊಪ್ಪು, ಬೇಳೆ, ಉಳಿದದ್ದೆಲ್ಲ ಸೇರಿ ಇನ್ನೊಂದು ನೂರು. ಒಟ್ಟು 650ರ ಸುತ್ತಮುತ್ತ ಬರುತ್ತದೆ. ರಾಗಿಯಲ್ಲಿರುವ ಫೈಟೇಟ್ ಸ್ವಲ್ಪ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದಕ್ಕೂ ಒಂದಿಷ್ಟು ಕಳೆಯಿರಿ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ, ಅಥವಾ ಹುಳಿ ಬರಿಸಿ ಅಂಬಲಿ ಮಾಡಿದರೆ ಆ ನಷ್ಟ ಕಡಿಮೆ.

ನಿಮಗೆ ಬೀಳುತ್ತಿರುವ ಕೊರತೆ ಐನೂರು ಮಿಲಿಗ್ರಾಂ ಚಿಲ್ಲರೆ. ರಾತ್ರಿಯ ಚಪಾತಿಯ ಜಾಗಕ್ಕೆ ಮುದ್ದೆಯೋ ರಾಗಿರೊಟ್ಟಿಯೋ ಬರಲಿ, ತೆಳು ಮಜ್ಜಿಗೆಯ ಜಾಗಕ್ಕೆ ಒಂದು ಬಟ್ಟಲು ಗಟ್ಟಿ ಮೊಸರು ಬರಲಿ, ವಾರದಲ್ಲಿ ಎರಡು ಮೂರು ದಿನ ನುಗ್ಗೆಸೊಪ್ಪು, ಹುರುಳಿ ಸಾರು ಇರಲಿ. ಅಷ್ಟಕ್ಕೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಪಾಲಕ್ ಸೊಪ್ಪನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದರಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಬಿಟ್ಟುಕೊಡುವುದಿಲ್ಲ. ಇಷ್ಟೆಲ್ಲ ಮಾಡಲು ಆಗದ ದಿನಗಳಿಗೆ ಊಟದ ಜೊತೆ ಒಂದು ಮಾತ್ರೆ ಸಾಕು. ಜನೌಷಧಿ ಕೇಂದ್ರದಲ್ಲಿ ಸಿಗುವ ಸಾದಾ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯೇ ಆಗುತ್ತದೆ. ಅಲ್ಲಿಯೂ ಹಿಂಬದಿ ಓದಿ: 1,250 ಮಿಲಿಗ್ರಾಂ ಕಾರ್ಬೊನೇಟ್ ಎಂದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಾತ್ರ. ಕರುಳು ಒಂದು ಸಲಕ್ಕೆ ಚೆನ್ನಾಗಿ ಹೀರಿಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಆದ್ದರಿಂದ 'ಸಾವಿರ ಮಿಲಿಗ್ರಾಂ ಒಂದೇ ಮಾತ್ರೆಯಲ್ಲಿ' ಎಂಬ ಜಾಹೀರಾತಿಗೆ ಮರುಳಾಗಬೇಡಿ.

ಇಷ್ಟರಿಂದ ಮೂಳೆ ಗಟ್ಟಿಯಾಗುತ್ತದೆಯೇ? ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ಉತ್ತರಗಳೂ ಇದರ ಮೇಲೆಯೇ ನಿಂತಿವೆ. ಮೂಳೆಯನ್ನು ಕರಗಿಸುವ ಜೀವಕೋಶಗಳಿವೆ, ಕಟ್ಟುವ ಜೀವಕೋಶಗಳಿವೆ. ಕರಗಿಸುವವನ್ನು ಹಿಡಿತದಲ್ಲಿಟ್ಟಿದ್ದದ್ದು ಈಸ್ಟ್ರೋಜೆನ್. ಬಾಸ್ಟನ್ನಿನ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1940ರ ದಶಕದ ಆರಂಭದಲ್ಲೇ ಈ ನಂಟನ್ನು ಗುರುತಿಸಿದ್ದರು. ಮುಟ್ಟು ನಿಲ್ಲುವ ಹಿಂದುಮುಂದಿನ ಹತ್ತು ವರ್ಷಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಸುಮಾರು ಹತ್ತನೆಯ ಒಂದು ಪಾಲು ಕುಗ್ಗುತ್ತದೆ. ನಿಮ್ಮ ಊರಿನ ಕೆರೆಯನ್ನೇ ನೆನೆಸಿಕೊಳ್ಳಿ. ತೂಬು ತೆರೆದುಕೊಂಡಿರುವಾಗ ಏರಿಯ ಮೇಲಿಂದ ಬಿಂದಿಗೆಯಲ್ಲಿ ಎಷ್ಟು ನೀರು ಸುರಿದರೂ ಮಟ್ಟ ಏರುವುದಿಲ್ಲ. ಹಾಗೆಂದು ಒಳಹರಿವೇ ಬೇಡವೆಂದಲ್ಲ, ಅದೂ ನಿಂತರೆ ಕೆರೆ ಇನ್ನೂ ಬೇಗ ಬತ್ತುತ್ತದೆ. ಕ್ಯಾಲ್ಸಿಯಂ, ವಿಟಮಿನ್ ಡಿ ಎರಡೂ ಒಳಹರಿವು. ತೂಬು ಮುಚ್ಚುವ ಔಷಧಗಳು ಬೇರೆ.

ಇದು ನನ್ನ ಸ್ವಂತ ಅಭಿಪ್ರಾಯವಲ್ಲ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಧ್ಯಯನ 50ರಿಂದ 79 ವರ್ಷದ 36,282 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಸಾವಿರ ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 400 ಯೂನಿಟ್ ವಿಟಮಿನ್ ಡಿ ಕೊಟ್ಟು ಸರಾಸರಿ ಏಳು ವರ್ಷ ಗಮನಿಸಿತು. 2006ರಲ್ಲಿ ಫಲಿತಾಂಶ ಬಂತು. ಸೊಂಟದ ಮೂಳೆಯ ಸಾಂದ್ರತೆಯಲ್ಲಿ ಶೇಕಡಾ ಒಂದರಷ್ಟು ಲಾಭವಿತ್ತು, ಮುರಿತ ತಗ್ಗಿತೆಂದು ಖಚಿತವಾಗಿ ಹೇಳಲು ಆಗಲಿಲ್ಲ, ಮೂತ್ರಪಿಂಡದ ಕಲ್ಲು ಮಾತ್ರ ಶೇಕಡಾ 17ರಷ್ಟು ಹೆಚ್ಚಿತು. ಅದಕ್ಕೂ ಮೊದಲು 1992ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದ ಕಥೆ ಬೇರೆ. ವೃದ್ಧರ ವಸತಿಗಳಲ್ಲಿದ್ದ, ಸರಾಸರಿ 84 ವರ್ಷದ ಅಜ್ಜಿಯರಿಗೆ ಇದೇ ಎರಡನ್ನು ಕೊಟ್ಟಾಗ ಸೊಂಟದ ಮುರಿತಗಳು ಶೇಕಡಾ 43ರಷ್ಟು ಕಡಿಮೆಯಾದವು. ಆ ಅಜ್ಜಿಯರು ಬಿಸಿಲು ಕಾಣದವರು, ಅವರ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ. ಇಲ್ಲದವರಿಗೆ ಕೊಟ್ಟರೆ ಉಪಯೋಗವಿದೆ. ಇದ್ದವರಿಗೆ ಮತ್ತಷ್ಟು ಕೊಟ್ಟರೆ ಮೂತ್ರದಲ್ಲಿ ಹೋಗುತ್ತದೆ.

ಶಿಬಿರದ ಚೀಟಿಯ ಬಗ್ಗೆ: ಹಿಮ್ಮಡಿಯ ಯಂತ್ರ ಶಬ್ದತರಂಗದ್ದು. ಮೈನಸ್ ಅಂಕಿ ಹೇಳುವುದು ಹರೆಯದವರ ಸರಾಸರಿ ಮೂಳೆಗಿಂತ ನಿಮ್ಮದು ಎಷ್ಟು ಕೆಳಗಿದೆ ಎಂಬುದನ್ನು. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂಬ ಮೂಳೆ ಟೊಳ್ಳಾಗುವ ರೋಗ, ಮೈನಸ್ 1ರಿಂದ 2.5ರ ನಡುವೆ ಇದ್ದರೆ ಅದರ ಹಿಂದಿನ ಹಂತ ಎಂಬ ಅಳತೆ ಹೊಂದುವುದು ಸೊಂಟ ಮತ್ತು ಬೆನ್ನಿನ ಮೂಳೆಯ ಸಾಂದ್ರತೆಯನ್ನು ಎಕ್ಸ್‌ರೇಯಿಂದ ಅಳೆಯುವ ಡೆಕ್ಸಾ ಸ್ಕ್ಯಾನ್‌ಗೆ. ಹಿಮ್ಮಡಿಯ ಅಂಕಿಗೆ ಆ ಗೆರೆ ಎಳೆದು ರೋಗದ ಹೆಸರು ಬರೆಯುವಂತಿಲ್ಲ. ಆದರೆ ನಿಮ್ಮ ತಾಯಿಯ ಸೊಂಟ ಮುರಿದಿತ್ತು ಎಂದಿರಿ. ಆ ಚೀಟಿಗಿಂತ ನನಗೆ ಈ ಒಂದು ಸಾಲು ಮುಖ್ಯ. ಪುಡಿಯ ಎರಡು ಮೂರು ತಿಂಗಳ ಹಣವನ್ನು ಉಳಿಸಿ, ತುಮಕೂರಿಗೋ ಬೆಂಗಳೂರಿಗೋ ಹೋಗಿ ಡೆಕ್ಸಾ ಮಾಡಿಸಿ. ಗೆಳತಿಯ ಮನಸ್ಸು ನೋಯಿಸದೆ ಪುಡಿ ನಿಲ್ಲಿಸುವುದು ಹೇಗೆ ಎಂಬುದಕ್ಕೆ ನನ್ನಲ್ಲಿ ಔಷಧವಿಲ್ಲ.

ಪ್ರಶ್ನೆ: ಮೊಣಕಾಲು ವಿಪರೀತ ನೋವು. 'ಕ್ಯಾಲ್ಸಿಯಂ ಕಡಿಮೆಯಾಗಿದೆ' ಎಂದು ಎಲ್ಲರೂ ಹೇಳುತ್ತಾರೆ. ರಕ್ತ ಪರೀಕ್ಷೆಯಲ್ಲಿ 9.4 ಬಂದಿದೆ, ಸರಿಯಾಗಿದೆ ಎಂದರು. ಹಾಗಾದರೆ ಮೂಳೆಯೂ ಚೆನ್ನಾಗಿದೆಯೇ? ವಯಸ್ಸು 60. — ಮಂಡ್ಯ

ಉತ್ತರ: ನಮ್ಮ ಕಡೆ ಸೊಂಟ ಹಿಡಿದರೂ ಕ್ಯಾಲ್ಸಿಯಂ, ಕಾಲು ಸೆಳೆದರೂ ಕ್ಯಾಲ್ಸಿಯಂ, ಉಗುರು ಮುರಿದರೂ ಕ್ಯಾಲ್ಸಿಯಂ. ಮೊಣಕಾಲಿನ ನೋವು ಬಹುಪಾಲು ಕೀಲಿನ ಮೃದ್ವಸ್ಥಿ ಸವೆದದ್ದರಿಂದ ಬರುತ್ತದೆ. ಕ್ಯಾಲ್ಸಿಯಂ ಮಾತ್ರೆ ಅದಕ್ಕೆ ಮದ್ದಲ್ಲ. ತೂಕ ಇಳಿಸುವುದು, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡುವುದು ಮದ್ದು. ಟೊಳ್ಳಾಗುತ್ತಿರುವ ಮೂಳೆ ನೋಯುವುದೇ ಇಲ್ಲ. ಮುರಿದಾಗಲೇ ಅದು ಗೊತ್ತಾಗುವುದು. ನೋವಿಲ್ಲದವರು ಪರೀಕ್ಷೆಗೆ ಬರುವುದಿಲ್ಲ, ನೋವಿರುವವರು ತಪ್ಪು ಮಾತ್ರೆ ನುಂಗುತ್ತಾರೆ.

ರಕ್ತದ 9.4 ನೋಡಿ ಮೂಳೆಯ ಸ್ಥಿತಿ ಹೇಳಲು ಬರುವುದಿಲ್ಲ. ಹೃದಯ, ನರ, ಸ್ನಾಯು ಕೆಲಸ ಮಾಡಬೇಕಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಸರಿಯಾದ ಮಟ್ಟದಲ್ಲಿ ಇರಲೇಬೇಕು. ಊಟದಿಂದ ಬರದಿದ್ದರೆ ಪ್ಯಾರಾಥೈರಾಯ್ಡ್ ಗ್ರಂಥಿ ಮೂಳೆಯಿಂದ ಕಿತ್ತು ತಂದಾದರೂ ಆ ಮಟ್ಟ ಕಾಯುತ್ತದೆ. ಮೂಳೆ ಬರಿದಾಗುತ್ತಿರುವಾಗಲೂ ವರದಿಯಲ್ಲಿ 9.4 ಬರಬಹುದು. ಅದಕ್ಕಿಂತ ಗೋಡೆಗೆ ಒರಗಿ ನಿಂತು ಎತ್ತರ ಅಳೆಸಿಕೊಳ್ಳಿ. ಹರೆಯದಲ್ಲಿ ಇದ್ದದ್ದಕ್ಕಿಂತ ನಾಲ್ಕು ಸೆಂಟಿಮೀಟರ್ ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ಬೇಕು. ಬೆನ್ನುಮೂಳೆಯ ಬಿಲ್ಲೆ ಸದ್ದಿಲ್ಲದೆ ಕುಸಿದಿರಬಹುದು.

ಪ್ರಶ್ನೆ: ನನ್ನ ತಾಯಿಗೆ 68. ವಿಟಮಿನ್ ಡಿ ಕಡಿಮೆಯಿದೆ ಎಂದು 60,000 ಯೂನಿಟ್‌ನ ಸ್ಯಾಷೆ ವಾರಕ್ಕೊಂದು ಬರೆದುಕೊಟ್ಟಿದ್ದರು. ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ತರಿಸಿ ವರ್ಷದ ಮೇಲಾಯಿತು, ಇನ್ನೂ ಹಾಲಿಗೆ ಹಾಕಿ ಕುಡಿಯುತ್ತಿದ್ದಾರೆ. ನಡುವೆ ಬೇರೊಬ್ಬರು ಇಂಜೆಕ್ಷನ್ನೂ ಕೊಟ್ಟರು. ಜೊತೆಗೆ ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ. ಈಚೆಗೆ ಊಟ ಸೇರುತ್ತಿಲ್ಲ, ವಾಕರಿಕೆ, ಮಲಬದ್ಧತೆ, ಬಾಯಾರಿಕೆ. ಮಾತು ಮರೆಯುತ್ತಾರೆ. ವಯಸ್ಸಿನಿಂದ ಇರಬಹುದೇ? — ಹುಬ್ಬಳ್ಳಿ

ಉತ್ತರ: ಈ ಪತ್ರಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ಫೋನಿನಲ್ಲೇ ಉತ್ತರಿಸಿದ್ದೇನೆ. ಇಲ್ಲಿ ಬರೆಯುತ್ತಿರುವುದು ಇಂಥದ್ದೇ ಮನೆಗಳು ಇನ್ನೂ ಇರುವುದರಿಂದ. ಇದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ. ಸ್ಯಾಷೆ, ಕ್ಯಾಲ್ಸಿಯಂ ಎರಡನ್ನೂ ಇಂದೇ ನಿಲ್ಲಿಸಿ, ಇಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತದ ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯೇಟಿನಿನ್, ವಿಟಮಿನ್ ಡಿ ಮೂರನ್ನೂ ನೋಡಿಸಿ. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ನೀವು ಬರೆದ ಲಕ್ಷಣಗಳೆಲ್ಲ ಅದಕ್ಕೆ ಹೊಂದುತ್ತವೆ. ತಡವಾದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ದಿನಕ್ಕೆ ಬೇಕಾದ ವಿಟಮಿನ್ ಡಿ 600 ಯೂನಿಟ್ ಎಂದು ಐಸಿಎಂಆರ್ ಹೇಳುತ್ತದೆ. ಹಾಗಾದರೆ ಒಂದು ಸ್ಯಾಷೆ ಎಂದರೆ ನೂರು ದಿನದ ಪಾಲು. ಕೊರತೆ ನಿಜವಾಗಿ ಇದ್ದರೆ ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ ಕೊಟ್ಟು, ಆಮೇಲೆ ಅಂತರ ಹೆಚ್ಚಿಸುತ್ತಾರೆ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಮೈಯಲ್ಲೇ ಕೂಡಿಕೊಳ್ಳುತ್ತದೆ, ನಿಲ್ಲಿಸಿದ ಮೇಲೂ ಇಳಿಯಲು ತಿಂಗಳುಗಳೇ ಹಿಡಿಯುತ್ತವೆ. ಚೀಟಿಯಲ್ಲಿ 'ಎಂಟು ವಾರ' ಎಂದು ಬರೆದಿದ್ದರೂ ಅಂಗಡಿಯಲ್ಲಿ ಅದನ್ನು ಯಾರೂ ಓದುವುದಿಲ್ಲ. ಹಳೆಯ ಚೀಟಿಗೆ ನಮ್ಮಲ್ಲಿ ಸಾವಿಲ್ಲ.

ಒಮ್ಮೆಲೇ ದೊಡ್ಡ ಪ್ರಮಾಣ ಕೊಟ್ಟರೆ ಮೂಳೆಗೆ ಬಲ ಎಂಬ ನಂಬಿಕೆಯೂ ಬಿದ್ದುಹೋಗಿದೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಕೊಟ್ಟು ನೋಡಿದರು. 2010ರಲ್ಲಿ ವರದಿ ಬಂದಾಗ, ಡಿ ಪಡೆದವರೇ ಹೆಚ್ಚು ಬಿದ್ದಿದ್ದರು, ಹೆಚ್ಚು ಮುರಿದುಕೊಂಡಿದ್ದರು.

ಪ್ರಶ್ನೆ: ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಗೋಧಿ ಕಾಳಿನಷ್ಟು ಮೊಸರಿನಲ್ಲಿ ಕಲಸಿ ತಿಂದರೆ ಮಾತ್ರೆಯೇ ಬೇಡವಂತೆ, ನಿಜವೇ? — ಚನ್ನರಾಯಪಟ್ಟಣ

ಉತ್ತರ: ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ, ಸುಳ್ಳಲ್ಲ. ಆದರೆ ಗೋಧಿ ಕಾಳಿನಷ್ಟರಲ್ಲಿ ಇರುವುದು ಹತ್ತಿಪ್ಪತ್ತು ಮಿಲಿಗ್ರಾಂ ಮಾತ್ರ. ಕಲಸಿದ ಮೊಸರಿನಲ್ಲೇ ಅದಕ್ಕಿಂತ ಹೆಚ್ಚಿರುತ್ತದೆ. ಹೆಚ್ಚು ಹಾಕಿದರೆ ಬಾಯಿ, ಅನ್ನನಾಳ ಸುಡುತ್ತದೆ. ಇದೇ ನೆಪದಲ್ಲಿ ಅಡಿಕೆ ಜಗಿಯಲು ಅಪ್ಪಣೆ ಕೇಳುವವರೂ ಇದ್ದಾರೆ. ಅಡಿಕೆ ಕ್ಯಾನ್ಸರ್‌ಕಾರಕ. ಮೊಸರು ತಿನ್ನಿ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಕೊಳವೆಬಾವಿ ನೀರು. ನನಗೆ 61. ಬೆನ್ನು ಬಗ್ಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ. ಮಗ ಬೆಂಗಳೂರಿಗೆ ಕರೆದುಕೊಂಡು ಹೋಗಿ ಡೆಕ್ಸಾ ಮಾಡಿಸಿದ. 'ನಿಮ್ಮ ಮೂಳೆ ವಯಸ್ಸಿಗಿಂತ ಗಟ್ಟಿಯಾಗಿದೆ' ಎಂದರು. ಹಾಗಾದರೆ ಕ್ಯಾಲ್ಸಿಯಂ ನಿಲ್ಲಿಸಬಹುದೇ? — ಪಾವಗಡ ತಾಲ್ಲೂಕು

ಉತ್ತರ: ನಾನು ಕೆಲಸ ಮಾಡಿದ್ದು ನಿಮ್ಮ ಸೀಮೆಯಲ್ಲೇ, ತಾಯಿ. ಮಕ್ಕಳ ಹಲ್ಲಿನ ಕಂದು ಗೆರೆ ನೋಡಿಯೇ ಯಾವ ಹಳ್ಳಿಯವರೆಂದು ಹೇಳುವಷ್ಟು ಆ ನೀರಿನ ಪರಿಚಯವಿದೆ. ನಿಮ್ಮ ಡೆಕ್ಸಾ ವರದಿಯನ್ನು ಓದಿದವರು ನೀವು ಕುಡಿಯುವ ನೀರನ್ನು ಕೇಳಿರಲಿಕ್ಕಿಲ್ಲ. ಆ ನೀರಿನಲ್ಲಿರುವ ಫ್ಲೋರೈಡ್ ಎಂಬ ಲವಣ ಮೂಳೆಯಲ್ಲಿ ಸೇರಿಕೊಂಡು ಅದನ್ನು ದಟ್ಟವಾಗಿಸುತ್ತದೆ. ಯಂತ್ರ ಆ ದಟ್ಟತೆಯನ್ನು ಅಳೆದು 'ಗಟ್ಟಿ' ಎನ್ನುತ್ತದೆ. ದಟ್ಟವಾದ ಮೂಳೆಯೆಲ್ಲ ಗಟ್ಟಿಯಲ್ಲ. ಒಂದು ಕಾಲದಲ್ಲಿ ವೈದ್ಯರೇ ಫ್ಲೋರೈಡನ್ನು ಮೂಳೆಯ ಔಷಧವೆಂದು ಕೊಟ್ಟು ನೋಡಿದ್ದರು. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಮುಟ್ಟು ನಿಂತ 202 ಮಹಿಳೆಯರ ಮೇಲೆ ನಡೆದ ಆ ಪ್ರಯೋಗದ ವರದಿ 1990ರಲ್ಲಿ ಬಂತು. ನಾಲ್ಕು ವರ್ಷಗಳಲ್ಲಿ ಬೆನ್ನಿನ ಸಾಂದ್ರತೆ ಶೇಕಡಾ 35ರಷ್ಟು ಏರಿತ್ತು. ಬೆನ್ನಿನ ಮುರಿತ ಕಡಿಮೆಯಾಗಲಿಲ್ಲ, ಕೈಕಾಲು ಮೂಳೆಗಳ ಮುರಿತ ಹೆಚ್ಚಾಯಿತು. ಔಷಧ ಅಲ್ಲಿಗೆ ಮುಗಿಯಿತು. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ನೀರಿನ ಫ್ಲೋರೈಡ್‌ನಿಂದ ಜನರ ಮೈ ಬಿಗಿದು ಹೋಗುವುದನ್ನು ವೈದ್ಯರು ವರದಿ ಮಾಡಿದ್ದು 1937ರಷ್ಟು ಹಿಂದೆಯೇ.

ಬಗ್ಗದ ಬೆನ್ನು, ತಿರುಗದ ಕುತ್ತಿಗೆ ಆ ದಿಕ್ಕನ್ನೇ ತೋರಿಸುತ್ತಿವೆ. ಬೆನ್ನು ಮತ್ತು ಮುಂಗೈಯ ಎಕ್ಸ್‌ರೇ ತೆಗೆಸಿ, ವೈದ್ಯರಿಗೆ ಊರಿನ ಹೆಸರನ್ನೂ ಹೇಳಿ. ನೀರನ್ನು ಪರೀಕ್ಷೆ ಮಾಡಿಸಿ: ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ ಒಂದೂವರೆಯವರೆಗೆ ಒಪ್ಪುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಉಳಿದ ನೀರಿನಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಸಾರು, ಮುದ್ದೆಗೂ ಬಳಸಿ. ಬರೀ ಟೀಯಲ್ಲಿ ಹೊತ್ತು ಕಳೆಯಬೇಡಿ, ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ಕ್ಯಾಲ್ಸಿಯಂ ನಿಲ್ಲಿಸಬೇಡಿ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರನ್ನು ಫ್ಲೋರೈಡ್ ಹೆಚ್ಚು ಕಾಡುತ್ತದೆ. ಡಬ್ಬಿಗಿಂತ ಬಿಂದಿಗೆಯ ಮೇಲೆ ಕಣ್ಣಿಡಬೇಕಾದವರು ನೀವು.

ಪ್ರಶ್ನೆ: 63 ವರ್ಷ. ಅಂಗಳದ ಪಾಚಿಯಲ್ಲಿ ಜಾರಿ ಕೈ ಊರಿ ಬಿದ್ದೆ, ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಡೆಕ್ಸಾ ಮಾಡಿಸಿದರು, ಸೊಂಟದಲ್ಲಿ ಮೈನಸ್ 2.8. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದಿದ್ದಾರೆ. 'ಅದನ್ನು ತಿಂದರೆ ದವಡೆ ಕೊಳೆಯುತ್ತದೆ' ಎಂದು ಮೊಬೈಲ್‌ನಲ್ಲಿ ಬಂದಿದೆ. ಅದರ ಬದಲು ಕ್ಯಾಲ್ಸಿಯಂ, ಕೊಲಾಜೆನ್ ಪುಡಿ ಮತ್ತು ನಮ್ಮ ಮಂಗರವಳ್ಳಿ ಚಟ್ನಿ ಸಾಲದೇ? — ಶಿರಸಿ

ಉತ್ತರ: ಸಾಲದು. ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಮುರಿದರೆ ಅದರ ತಪ್ಪನ್ನು ಪಾಚಿಯ ಮೇಲೆ ಮಾತ್ರ ಹಾಕುವಂತಿಲ್ಲ. ಮಣಿಕಟ್ಟು ಮುರಿದವರಿಗೆ ಮುಂದೆ ಬೆನ್ನು, ಸೊಂಟ ಮುರಿಯುವ ಸಂಭವ ಉಳಿದವರಿಗಿಂತ ಹೆಚ್ಚು. ನಿಮ್ಮದು ಕೊರತೆಯ ಹಂತವನ್ನು ದಾಟಿ ರೋಗದ ಹಂತಕ್ಕೆ ಬಂದಿದೆ. ಈಗ ತೂಬು ಮುಚ್ಚಬೇಕು, ಅಲೆಂಡ್ರೊನೇಟ್ ಮಾಡುವುದು ಅದನ್ನೇ. ಬೆನ್ನುಮೂಳೆ ಆಗಲೇ ಕುಸಿದಿದ್ದ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಸೊಂಟ, ಮಣಿಕಟ್ಟು ಮುರಿಯುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಯಾವ ಕ್ಯಾಲ್ಸಿಯಂ ಡಬ್ಬಿಗೂ ಇಂಥ ದಾಖಲೆಯಿಲ್ಲ.

ದವಡೆಯ ವಿಷಯ ಪೂರ್ತಿ ಕಟ್ಟುಕಥೆಯಲ್ಲ. ಕ್ಯಾನ್ಸರ್ ಮೂಳೆಗೆ ಹರಡಿದಾಗ ಇದೇ ಜಾತಿಯ ಔಷಧಗಳನ್ನು ಬಹಳ ಹೆಚ್ಚಿನ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ದವಡೆಯ ತೊಂದರೆ ಮುಖ್ಯವಾಗಿ ಅಂಥವರಲ್ಲಿ ಕಂಡದ್ದು. ವಾರದ ಮಾತ್ರೆ ನುಂಗುವವರಲ್ಲಿ ಅದು ತೀರಾ ಅಪರೂಪ, ವರ್ಷಕ್ಕೆ ಹತ್ತು ಸಾವಿರದಲ್ಲಿ ಒಬ್ಬರು ಅಥವಾ ಅದಕ್ಕೂ ಕಡಿಮೆ. ಹಾಗಿದ್ದರೂ ಎಚ್ಚರ ತಪ್ಪಬೇಕಾಗಿಲ್ಲ. ಕೀಳಿಸಬೇಕಾದ ಹಲ್ಲು ಇದ್ದರೆ ಮೊದಲು ಕೀಳಿಸಿ ಗಾಯ ಮಾಗಿದ ಮೇಲೆ ಮಾತ್ರೆ ಆರಂಭಿಸಿ. ತೊಡೆಯಲ್ಲೋ ತೊಡೆಸಂದಿಯಲ್ಲೋ ಕಾರಣವಿಲ್ಲದೆ ನೋವು ಕಾಣಿಸಿಕೊಂಡು ಬಿಡದಿದ್ದರೆ ತೋರಿಸಿ. ಸಾಮಾನ್ಯವಾಗಿ ಐದು ವರ್ಷವಾದ ಮೇಲೆ ಮುಂದುವರಿಸಬೇಕೇ ಎಂದು ವೈದ್ಯರು ಮತ್ತೆ ಲೆಕ್ಕ ಹಾಕುತ್ತಾರೆ.

ನುಂಗುವ ಕ್ರಮವನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ದೊಡ್ಡ ಲೋಟ ಬರೀ ನೀರಿನೊಂದಿಗೆ ನುಂಗಬೇಕು. ಕಷಾಯ, ಕಾಫಿ, ಹಾಲು ಆಗದು. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ, ಮಾತ್ರೆ ಮೈಗೂ ಹತ್ತುವುದಿಲ್ಲ. ಕ್ಯಾಲ್ಸಿಯಂ ಅನ್ನು ಮಧ್ಯಾಹ್ನ ಅಥವಾ ರಾತ್ರಿಯ ಊಟಕ್ಕೆ ಇಟ್ಟುಕೊಳ್ಳಿ. ಇದು ಹೊಟ್ಟೆಗೆ ಒಗ್ಗದವರಿಗೆ ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೊಲೆಡ್ರೊನಿಕ್ ಆಮ್ಲವಿದೆ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ಕೂಡ ಇದೆ. ಅದನ್ನು ಆರಂಭಿಸಿದವರು ನಡುವೆ ತಾವಾಗಿಯೇ ನಿಲ್ಲಿಸಬಾರದು, ಮೂಳೆ ಇದ್ದಕ್ಕಿದ್ದಂತೆ ಕರಗಿ ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿದ ನಿದರ್ಶನಗಳಿವೆ.

ಕೊಲಾಜೆನ್ ಪುಡಿ ಪ್ರೋಟೀನೇ. ಹೊಟ್ಟೆಗೆ ಹೋದ ಮೇಲೆ ಉಳಿದ ಪ್ರೋಟೀನಿನಂತೆಯೇ ಒಡೆಯುತ್ತದೆ. ಪ್ರೋಟೀನು ನಿಮಗೆ ಬೇಕು, ಆದರೆ ಬೇಳೆ, ಕಾಳು, ಹಾಲು, ಮೊಟ್ಟೆಯಿಂದ ತೆಗೆದುಕೊಳ್ಳಿ. ಸಸ್ಯಾಹಾರಿಗಳಾಗಿದ್ದರೆ ಇದನ್ನೂ ತಿಳಿದಿರಿ: ಕೊಲಾಜೆನ್ ಬರುವುದು ದನ, ಹಂದಿ ಅಥವಾ ಮೀನಿನ ಚರ್ಮ, ಎಲುಬುಗಳಿಂದ. ಮಂಗರವಳ್ಳಿ ಚಟ್ನಿ ಊಟಕ್ಕೆ ಧಾರಾಳವಾಗಿ ಇರಲಿ, ಹುಣಸೆಹಣ್ಣು ಜಾಸ್ತಿ ಹಾಕಿ, ಇಲ್ಲದಿದ್ದರೆ ನಾಲಿಗೆ ತುರಿಸುತ್ತದೆ. ಅದನ್ನು ಮಾತ್ರೆಯ ಬದಲಿಗೆ ಮಾತ್ರ ಇಡಬೇಡಿ.

ಪ್ರಶ್ನೆ: ಮಗಳು ಅಮೆರಿಕದ ನ್ಯೂ ಜೆರ್ಸಿಯಲ್ಲಿದ್ದಾಳೆ. ಬಂದಾಗಲೆಲ್ಲ ಮುನ್ನೂರು ಮಾತ್ರೆಯ ಕ್ಯಾಲ್ಸಿಯಂ ಬಾಟಲಿ ತರುತ್ತಾಳೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿಬಿಡುತ್ತೇನೆ, ಮರೆಯುವುದಿಲ್ಲ ಎಂದು. ಈಚೆಗೆ ಟಿಎಸ್‌ಎಚ್ ಏರಿದೆ. — ಮೈಸೂರು

ಉತ್ತರ: ಏರದೆ ಇನ್ನೇನು! ಕ್ಯಾಲ್ಸಿಯಂ ನಿಮ್ಮ ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್ ಅನ್ನು ಕರುಳಿನಲ್ಲೇ ಹಿಡಿದುಬಿಡುತ್ತದೆ, ಅದು ಮೈಗೆ ಸಾಲದಾದಾಗ ರಕ್ತದಲ್ಲಿ ಟಿಎಸ್‌ಎಚ್ ಏರುತ್ತದೆ. ಎರಡರ ನಡುವೆ ನಾಲ್ಕು ಗಂಟೆ ಬಿಡಿ. ಥೈರಾಯ್ಡ್ ಬೆಳಿಗ್ಗೆ, ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ. ಹಾಗೆ ಬದಲಿಸಿ ಆರರಿಂದ ಎಂಟು ವಾರದ ಮೇಲೆ ಮತ್ತೆ ಟಿಎಸ್‌ಎಚ್ ನೋಡಿಸಿ. ಅದಕ್ಕೂ ಮೊದಲು ಥೈರಾಕ್ಸಿನ್ ಪ್ರಮಾಣ ಹೆಚ್ಚಿಸಲು ಒಪ್ಪಬೇಡಿ, ಏಕೆಂದರೆ ಅದು ಅತಿಯಾದರೆ ಮೂಳೆಯನ್ನೇ ಕರಗಿಸುತ್ತದೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಆಗಿಬರುವುದಿಲ್ಲ, ಅವನ್ನೂ ಬೇರೆ ಬೇರೆ ಹೊತ್ತಿಗೆ ಇಡಿ. ಗ್ಯಾಸ್ಟ್ರಿಕ್ ಎಂದು ಪ್ಯಾಂಟೊಪ್ರಜೋಲ್ ಅನ್ನು ವರ್ಷಗಟ್ಟಲೆ ನುಂಗುವವರಿಗೆ ಕಾರ್ಬೊನೇಟ್ ಸರಿಯಾಗಿ ಹತ್ತುವುದಿಲ್ಲ, ಸಿಟ್ರೇಟ್ ರೂಪದ ಕ್ಯಾಲ್ಸಿಯಂ ವಾಸಿ. ಮಗಳಿಗೆ ಮುಂದಿನ ಸಲ ಬಾಟಲಿಯ ಬದಲು ಒಳ್ಳೆಯ ಹಿಡಿತದ ಶೂ ತರಲು ಹೇಳಿ.

ಪ್ರಶ್ನೆ: ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಕೆ2 ಸೇರಿದ ಹೊಸ ಕ್ಯಾಲ್ಸಿಯಂ ಒಳ್ಳೆಯದಂತೆ. — ಉಡುಪಿ

ಉತ್ತರ: ನಿಮಗೆ ಬೇಡವೇ ಬೇಡ. ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಅಸೆನೊಕೂಮರಾಲ್ ಕೆಲಸ ಮಾಡುವುದೇ ವಿಟಮಿನ್ ಕೆಯನ್ನು ತಡೆದು. ಕೆ2 ಅದರದೇ ಒಂದು ರೂಪ. ನೀವು ಅದನ್ನೇ ನುಂಗಿದರೆ ಮಾತ್ರೆ ನಿಷ್ಫಲವಾಗಿ ಕವಾಟದಲ್ಲಿ ಹೆಪ್ಪುಗಟ್ಟಬಹುದು. ಈಗಾಗಲೇ ಆರಂಭಿಸಿದ್ದರೆ ನಿಲ್ಲಿಸುವಾಗಲೂ ವೈದ್ಯರಿಗೆ ತಿಳಿಸಿ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ತಿಳಿಸುವ ಐಎನ್‌ಆರ್ ನೋಡಿಸಿ. ಕೆ2 ಎಂಬುದು ಡಬ್ಬಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

ಪ್ರಶ್ನೆ: ಕಿಡ್ನಿಯಲ್ಲಿ ಕಲ್ಲಾಗಿತ್ತು ಎಂದು ಹಾಲು, ಮೊಸರು, ರಾಗಿ ಎಲ್ಲ ಬಿಟ್ಟಿದ್ದೇನೆ. — ಬಳ್ಳಾರಿ

ಉತ್ತರ: ಹಾಲು, ಮೊಸರನ್ನು ಮತ್ತೆ ಹಿಡಿಯಿರಿ. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುವುದರಿಂದ ಕಲ್ಲಿನ ಸಂಭವ ಕಡಿಮೆಯಾಗುತ್ತದೆ. ಕಲ್ಲು ಹೆಚ್ಚಿಸುವ ಆರೋಪ ಇರುವುದು ಮಾತ್ರೆಯ ಮೇಲೆ. ನಿಮ್ಮ ಊರಿನ ಬಿಸಿಲಿಗೆ ನೀರು ಧಾರಾಳವಾಗಿ ಕುಡಿಯಿರಿ. ರಾಗಿಯನ್ನೂ ಮೊಸರಿನ ಜೊತೆ ಮಿತವಾಗಿ ತಿನ್ನಬಹುದು.

ಪ್ರಶ್ನೆ: ನನ್ನ ಹೆಂಡತಿಗೆ 66. ಮನೆಕೆಲಸವೆಲ್ಲ ಅವಳೇ ಮಾಡುತ್ತಾಳೆ, ಆದ್ದರಿಂದ ವ್ಯಾಯಾಮ ಬೇಕಿಲ್ಲ. ಮೂಳೆಗೆ ಒಂದು ಒಳ್ಳೆಯ ಟಾನಿಕ್ ಸೂಚಿಸಿ. — ದಾವಣಗೆರೆ

ಉತ್ತರ: ಪತ್ರ ನೀವು ಬರೆದದ್ದು ಸಂತೋಷ, ಹೆಂಡತಿಯ ಮೂಳೆಯ ಬಗ್ಗೆ ಗಂಡಸರಿಂದ ಬರುವ ಪತ್ರಗಳು ವಿರಳ. ಟಾನಿಕ್ ಬೇಡ. ಮನೆಕೆಲಸದಲ್ಲಿ ದಣಿವಿದೆ, ಮೂಳೆಗೆ ಬೇಕಾದ ಭಾರ ಕಡಿಮೆ. ಹಿಂದೆ ಬಾವಿಯಿಂದ ನೀರು ಸೇದುವುದು, ಬೀಸುವುದು, ಕುಟ್ಟುವುದು ಆ ಭಾರ ಕೊಡುತ್ತಿದ್ದವು. ಈಗ ಅವೆಲ್ಲ ಮೋಟಾರಿನ ಕೆಲಸ, ಆಗಲಿ, ನನಗೇನೂ ದುಃಖವಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು ಮೂಳೆ ಸಾಂದ್ರತೆ ಕಡಿಮೆಯಿದ್ದ, ಮುಟ್ಟು ನಿಂತ ನೂರೊಂದು ಮಹಿಳೆಯರಲ್ಲಿ ಒಂದು ಗುಂಪಿಗೆ ವಾರಕ್ಕೆರಡು ದಿನ ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರು ಭಾರ ಎತ್ತಿಸಿದರು. ಎಂಟು ತಿಂಗಳಲ್ಲಿ ಬೆನ್ನಿನ ಸಾಂದ್ರತೆ ಹೆಚ್ಚಿತ್ತು, 2018ರಲ್ಲಿ ಇದು ಪ್ರಕಟವಾಯಿತು. ಮನೆಯಲ್ಲೇ ಒಬ್ಬರೇ ಅಷ್ಟು ಭಾರ ಎತ್ತಬಾರದು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಮೆಟ್ಟಿಲು ಹತ್ತುವುದು, ಬಿರುಸಾಗಿ ನಡೆಯುವುದು, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಸಣ್ಣ ತೂಕ ಎತ್ತುವುದು ಇವುಗಳಿಂದ ಆರಂಭಿಸಲಿ. ಬೆನ್ನುಮೂಳೆ ಕುಸಿದಿದ್ದರೆ ಪಶ್ಚಿಮೋತ್ತಾನಾಸನದಂಥ ಮುಂದಕ್ಕೆ ಬಾಗುವ ಆಸನಗಳು ಬೇಡ. ನಡೆಯಲು ಹೋದಾಗ, ನೆರಳು ಅವರಿಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಸ್ವಲ್ಪ ಬಿಸಿಲು ತೋಳಿಗೆ ಬೀಳಲಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಡಿ ಬರುವುದಿಲ್ಲ. ವ್ಯಾಯಾಮಕ್ಕೆ ಹೊತ್ತು ಬೇಕಲ್ಲ, ಆ ಹೊತ್ತಿಗೆ ಪಾತ್ರೆ ನೀವು ತೊಳೆಯಿರಿ.

ನಿಮ್ಮಿಂದಾಗುವ ಇನ್ನೂ ಕೆಲವು ಕೆಲಸಗಳಿವೆ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿ, ನಯವಾದ ಟೈಲ್ಸ್ ಮೇಲೆ ಒರಟು ಮ್ಯಾಟ್ ಹಾಸಿ, ಹಾಸಿಗೆಯಿಂದ ಬಚ್ಚಲಿಗೆ ಹೋಗುವ ದಾರಿಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪವಿರಲಿ. ಸವೆದ ಹವಾಯಿ ಚಪ್ಪಲಿಯನ್ನು ಎಸೆಯಿರಿ. ಅವರು ನಿದ್ರೆಗೆ, ಬಿಪಿಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಎದ್ದಾಗ ತಲೆ ತಿರುಗುತ್ತದೆಯೇ ಎಂದು ಕೇಳಿ ವೈದ್ಯರಿಗೆ ತಿಳಿಸಿ. ಕಣ್ಣಿನ ಪೊರೆಯನ್ನು 'ಮಗಳ ಮದುವೆಯಾಗಲಿ' ಎಂದು ಮುಂದೂಡಿದ್ದರೆ ಈ ತಿಂಗಳೇ ತೋರಿಸಿ. 65 ದಾಟಿರುವುದರಿಂದ ಡೆಕ್ಸಾ ಕೂಡ ಒಮ್ಮೆ ಆಗಬೇಕು. ವರದಿ ಬಂದ ಮೇಲೆ ಬರೆಯಿರಿ, ಆದರೆ ಆ ಪತ್ರವನ್ನು ಅವರ ಕೈಯಲ್ಲೇ ಬರೆಯಿಸಿ, ಅವರನ್ನು ಕೇಳುವ ಪ್ರಶ್ನೆಗಳು ನನ್ನಲ್ಲೂ ಒಂದಷ್ಟಿವೆ.